ಬಾಳೆಕಂದು ಕಟ್ಟಿದ ಡಿಶ್

ಮೇಟಗಳ್ಳಿಯ ಕಾರ್ಖಾನೆಯಲ್ಲಿ ಬೋಲ್ಟು ಬಿಗಿಯುತ್ತಲೇ ತಲೆ ನರೆಸಿಕೊಂಡವನು ನಾನು. ಒಂದು ಡಿಶ್ ತಿರುಗಿಸಲು ಇನ್ನೊಬ್ಬರನ್ನು ಕರೆಯುವ ದರ್ದು ನನಗೇಕೆ ಎಂದು ವಿಜಯದಶಮಿಯ ಸಂಜೆ ಸ್ಪ್ಯಾನರ್ ಹಿಡಿದು ತಾರಸಿ ಹತ್ತಿದೆ.

ಸಂಗತಿ ಇಷ್ಟೇ. ನಮ್ಮ ಮನೆ ಬನ್ನಿಮಂಟಪದಲ್ಲಿ, ದಸರೆಯ ಪಂಜಿನ ಕವಾಯತು ನಡೆಯುವ ಮೈದಾನದಿಂದ ಎರಡು ಬೀದಿ ಆಚೆ. ತಾರಸಿ ಹತ್ತಿದರೆ ಸದ್ದೆಲ್ಲ ಕೇಳುತ್ತದೆ, ನಡುವಿನ ಮನೆಗಳ ಮರೆಯಲ್ಲಿ ಮೈದಾನ ಮಾತ್ರ ಕಾಣದು. ನಮ್ಮ ಮಗಳು ಕುಸುಮ ಅಶ್ವಾರೋಹಿ ಪೊಲೀಸ್ ದಳದವಳು. ಓಡುವ ಕುದುರೆಯ ಮೇಲಿಂದ ಬಗ್ಗಿ, ನೆಲದಲ್ಲಿ ಉರಿಯುವ ಗೂಟವನ್ನು ಈಟಿಯಿಂದ ಎತ್ತುವ ಆಟ ಆ ಸಂಜೆ ಅವಳದಿತ್ತು. ಅವಳು ಕುದುರೆ ಹತ್ತಿದಾಗಿನಿಂದ ನನ್ನ ಹೆಂಡತಿ ಪುಟ್ಟಬಸಮ್ಮ ಒಮ್ಮೆಯೂ ನೋಡಲು ಹೋದವಳಲ್ಲ. "ಬಿದ್ದು ಸೊಂಟ ಮುರ್ಕೊಳೋದ ನಾನಂತೂ ನೋಡಾಕಿಲ್ಲ" ಎಂದು ಹಟ. ಅಂಥವಳು ಈ ಸಲ, ಮಂಡಿ ಆಪರೇಷನ್ ಆಗಿ ದಿವಾನದ ಮೇಲೆ ಕೂತಲ್ಲೇ ಕೂತಿದ್ದಾಗ, ತಾನಾಗಿಯೇ ಹೇಳಿದಳು: "ಟೀವಿ ಹಾಕ್ರೀ, ಒಂದ್ಸಲ ನೋಡ್ಬುಡ್ತೀನಿ."

ಟೀವಿ ಹಾಕಿದರೆ ನೀಲಿ ಪರದೆ, ಸಿಗ್ನಲ್ ಇಲ್ಲವೆಂಬ ಬರಹ. ಮೊಬೈಲಿನಲ್ಲಾದರೂ ನೋಡೋಣವೆಂದರೆ, ಮೈದಾನಕ್ಕೆ ಬಂದ ಜನ ನೆಟ್‌ವರ್ಕನ್ನೆಲ್ಲ ತಿಂದು ತೇಗಿದ್ದರು.

"ಮೊನ್ನೆ ಸಂದಾಗಿ ಬರ್ತಿತ್ತಲ್ರೀ?"

ಮೊನ್ನೆ ಬರುತ್ತಿತ್ತು, ನಿಜ. ನಿನ್ನೆ ಆಯುಧಪೂಜೆ. ಪೂಜೆ ಮಾಡಿದ ಯಂತ್ರವನ್ನು ಆ ದಿನ ಮತ್ತೆ ಮುಟ್ಟಬಾರದೆಂಬುದು ನಮ್ಮ ಮನೆಯ ಪದ್ಧತಿ. ಸ್ಕೂಟರು, ಮಿಕ್ಸಿ, ಟೀವಿ ಎಲ್ಲಕ್ಕೂ ಕುಂಕುಮವಿಟ್ಟು ರಜೆ ಕೊಟ್ಟಿದ್ದೆವು. ತಾರಸಿಯ ಡಿಶ್ಶನ್ನೂ ಬಿಟ್ಟಿರಲಿಲ್ಲ. ಪುಟ್ಟಬಸಮ್ಮ ಕೊಟ್ಟು ಕಳಿಸಿದ ಬಾಳೆಕಂದು, ಚೆಂಡುಹೂವು ಎಲ್ಲ ಕಟ್ಟಿ ಮದುವಣಗಿತ್ತಿ ಮಾಡಿದ್ದೆ. ಇಷ್ಟು ಮರ್ಯಾದೆ ಮಾಡಿದ ಮೇಲೂ ಕೆಟ್ಟಿದ್ದು ಯಾಕೆ ಎಂಬುದೇ ನನಗೆ ಹೊಳೆಯಲಿಲ್ಲ.

ಪಕ್ಕದ ಮನೆಯ ಚೂಡಾಮಣಿಯವರು ಕಿಟಕಿಯ ಹತ್ತಿರ ನಿಂತು ಟೀವಿಯ ವರ್ತಮಾನವನ್ನು ಮೇಲಕ್ಕೆ ಕೂಗುವ ಕೆಲಸ ವಹಿಸಿಕೊಂಡರು. ಸಂಗೀತ ಹೇಳಿಕೊಡುವವರು, ಕೂಗಿದರೂ ಶ್ರುತಿ ತಪ್ಪದು.

"ಬಂತು ಸಿದ್ದರಾಜು ಅವರೇ!"

ನಾನಿನ್ನೂ ಡಿಶ್ ಮುಟ್ಟಿಯೇ ಇರಲಿಲ್ಲ.

"ಹೋಯ್ತು!"

ಆಗಲೂ ಮುಟ್ಟಿರಲಿಲ್ಲ. ಇದೇನು ಗ್ರಹಚಾರ? ಸಿಟ್ಟು ಬಂದು ಬೋಲ್ಟು ಸಡಿಲಿಸಿ, ದೀಪ ಹಾಕಿದ ಚಾಮುಂಡಿ ಬೆಟ್ಟದ ಕಡೆಗೆ ಒಂಚೂರು ತಿರುಗಿಸಿದೆ. "ಏನೂ ಇಲ್ಲ!" ಇತ್ತ ತಿರುಗಿಸಿದೆ. "ಏನೂ ಇಲ್ಲ!" ಮೇಲಕ್ಕೆತ್ತಿದೆ, ಕೆಳಕ್ಕಿಳಿಸಿದೆ. ಈ ಗಡಿಬಿಡಿಯಲ್ಲಿ ಕೈಯಲ್ಲಿದ್ದ ನಟ್ಟು ಜಾರಿ, ತಾರಸಿಯ ಮೇಲೆ ಉರುಳಿ, ನೀರಿನ ಪೈಪಿನೊಳಗೆ ಟಣ್ಣೆಂದು ಇಳಿದುಹೋಯಿತು. ಇನ್ನು ಡಿಶ್ಶನ್ನು ಕೈಯಲ್ಲೇ ಹಿಡಿದು ನಿಲ್ಲಬೇಕಾಯಿತು.

ಹೇಗೋ ಹಳೆಯ ಜಾಗಕ್ಕೇ ತಂದು ಹಿಡಿದಾಗ ಗಾಳಿ ಬೀಸಿತು. ಬಾಳೆಎಲೆ ಪಟಾರನೆ ನನ್ನ ಕೆನ್ನೆಗೆ ಬಿತ್ತು. "ಬಂತು!" ಗಾಳಿ ನಿಂತು ಎಲೆ ಡಿಶ್ಶಿನ ಮುಂದಕ್ಕೆ ಬಾಗಿತು. "ಹೋಯ್ತು!"

ಕೆನ್ನೆಗೆ ಬಿದ್ದ ಮೇಲೆ ಬುದ್ಧಿ ಬಂತು. ಬಾಳೆಕಂದೇ ಅಡ್ಡ ನಿಂತಿತ್ತು.

"ಕಂದು ಕಿತ್ತಾಕ್ಬುಡ್ಲಾ ಅಂತ ಕೇಳಿ ಅವಳ್ನ!"

ಕೆಳಗೆ ಗುಸುಗುಸು. ಆಮೇಲೆ ಚೂಡಾಮಣಿಯವರು, "ಬೇಡವಂತೆ! ಕುಸುಮನ ಕುದುರೆ ಮುಗ್ಗರಿಸದೆ ಇರಲಿ ಅಂತ ಹರಸ್ಕೊಂಡು ಕೊಟ್ಟ ಕಂದಂತೆ. ಅವಳು ಕುದುರೆ ಇಳಿಯೋವರೆಗೂ ಬಿಚ್ಚಬಾರದಂತೆ!"

"ಹಂಗಾದ್ರೆ ನೋಡೋದು ಬೇಡ್ವಂತಾ?"

"ನೋಡಲೇಬೇಕಂತೆ!"

ಇಂಥ ಹೆಂಗಸನ್ನು ಕಟ್ಟಿಕೊಂಡವನು ಮಾಡುವುದೇನು? ಬಲಗೈಯಲ್ಲಿ ಡಿಶ್ ಹಿಡಿದೆ, ಎಡಗೈಯಲ್ಲಿ ಎಲೆಗಳನ್ನು ಒತ್ತಟ್ಟಿಗೆ ಸೇರಿಸಿ ಎದೆಗೆ ಅವುಚಿಕೊಂಡೆ. ಪೂಜೆಯೂ ಉಳಿಯಿತು, ಚಿತ್ರವೂ ನಿಂತಿತು.

ಅಷ್ಟರಲ್ಲಿ ಮೈದಾನದಲ್ಲಿ ಕುಶಾಲತೋಪು ಹಾರಿ ನನ್ನ ಎದೆ ಧಸಕ್ಕೆಂದಿತು. ಒಂದಷ್ಟು ಹೊತ್ತು ಬಿಟ್ಟು "ಈಗ ತೋಪು ಹಾರಿಸಿದ್ರು!" ಎಂದು ಕೆಳಗಿನಿಂದ ವರದಿ.

"ಆಗ್ಲೇ ಹಾರುಸಿದ್ರಲ್ಲಮ್ಮ!"

"ಇಲ್ಲ, ಈಗ!"

ನನ್ನ ಕಿವಿಯೇ ಕೆಟ್ಟಿತೋ ಎಂದು ತಬ್ಬಿಬ್ಬಾದೆ. ಎರಡು ಮೂರು ಸಲ ಹೀಗೇ ಆದ ಮೇಲೆ ಅರ್ಥವಾಯಿತು. ಮೈದಾನದ ಸದ್ದು ಗಾಳಿಯಲ್ಲಿ ನನಗೆ ಮೊದಲು ಬರುತ್ತದೆ. ಟೀವಿಯದು ಆಕಾಶ ಸುತ್ತಿಕೊಂಡು ತಡವಾಗಿ ಅವಳಿಗೆ ತಲುಪುತ್ತದೆ.

ಬ್ಯಾಂಡು ಮುಗಿಯಿತು. ಮೈಕಿನಲ್ಲಿ ಕುಸುಮನ ಹೆಸರು ಕೇಳಿತು.

ಆಮೇಲೆ ಇಡೀ ಮೈದಾನ ಒಂದೇ ಬಾಯಲ್ಲಿ "ಅಯ್ಯೋ!" ಎಂದಿತು.

ಅದರ ಹಿಂದೆಯೇ ಎದ್ದ ಗದ್ದಲ ಚಪ್ಪಾಳೆಯೋ ಚೀರಾಟವೋ ತಿಳಿಯಲಿಲ್ಲ. ಕೆಳಗೆ ಪುಟ್ಟಬಸಮ್ಮನಿಗೆ ಇನ್ನೂ ಏನೂ ಆಗಿಲ್ಲ. ಅವಳ ಟೀವಿಯಲ್ಲಿ ಮಗಳು ಈಗಷ್ಟೇ ಹೊರಡುತ್ತಿದ್ದಾಳೆ. ನಾನು ಕೈ ಬಿಟ್ಟರೆ ಚಿತ್ರ ಹೋಗುತ್ತದೆ. ಮಗು ಬಿದ್ದಿದ್ದರೆ, ಹೆತ್ತವಳು ಅದನ್ನು ಕಣ್ಣಾರೆ ನೋಡುವುದಾದರೂ ತಪ್ಪುತ್ತದೆ. ಬಿದ್ದಿರದಿದ್ದರೆ? ಜನ್ಮದಲ್ಲಿ ಒಂದು ಸಲ ನೋಡುತ್ತೇನೆಂದವಳ ಕಣ್ಣಿಗೆ ನಾನೇ ಮಣ್ಣು ಹಾಕಿದಂತೆ. ಬಿಡಲೋ, ಹಿಡಿದಿರಲೋ? ಚಾಮುಂಡವ್ವ, ನನಗೆ ಏನೂ ತೋಚಲಿಲ್ಲ. ಧೈರ್ಯದಿಂದಲ್ಲ, ಏನು ಮಾಡಬೇಕೆಂದು ತಿಳಿಯದೆಯೇ ಹಿಡಿದು ನಿಂತೆ.

ಕೆಳಗಿನಿಂದ ಚೀರು ಬಂತು. ಈ ಸಲ ಚೂಡಾಮಣಿಯವರದಲ್ಲ, ಪುಟ್ಟಬಸಮ್ಮನದೇ.

"ಅಯ್ಯೋ ಕುಸ್ಮಾ!"

ನಾನು ಎಲೆಗಳನ್ನು ಇನ್ನಷ್ಟು ಬಿಗಿಯಾಗಿ ಎದೆಗೆ ಒತ್ತಿಕೊಂಡೆ.

"ಕುದ್ರೆ ಮುಗ್ಗರಿಸ್ಬುಡ್ತು ಕಣ್ರೀ... ಇಲ್ಲ, ಬೀಳ್ಲಿಲ್ಲ, ಬೀಳ್ಲಿಲ್ಲ! ಬಗ್ಗುದ್ಲು... ಎತ್ಬುಟ್ಲು! ನಮ್ಮವ್ವ ಎತ್ಬುಟ್ಲು ಕಣ್ರೀ!"

ಅವಳು ಅಳುತ್ತಿದ್ದಳು. ನಾನೂ ಅತ್ತೆ. ಕಣ್ಣೀರು ಗಲ್ಲದಿಂದ ಇಳಿದು ಬಾಳೆಎಲೆಯ ಮೇಲೆ ತೊಟ್ಟಿಕ್ಕಿತು. ಒರೆಸಿಕೊಳ್ಳಲು ಒಂದು ಕೈಯೂ ಬಿಡುವಿರಲಿಲ್ಲ. ಇನ್ನಾದರೂ ಇಳಿಯೋಣವೆಂದು ಕಾಲು ಕದಲಿಸಿದೆನೋ ಇಲ್ಲವೋ, ಅವಳ ದನಿ ಮತ್ತೆ ಮೇಲೆ ಬಂತು.

"ಕೈ ಬುಡ್ಬೇಡಿ ಕಣ್ರೀ! ಇನ್ನೊಂದ್ಸಲ ತೋರುಸ್ತಾವ್ರೆ!"