ಹಾಯಿಮೀನುಗಳ ನಡುವೆ ನಿಂತವಳು

ತಿತಿಮತಿಯ ಕಾಫಿ ತೋಟದಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿರುವ ದೀಕ್ಷಿತ್ ಬಾಯಿ ಬಿಟ್ಟರೆ ಆನೆಯ ಕಥೆ. ಮೂರ್ನಾಡಿನಿಂದ ಮದುವೆಯಾಗಿ ಬಂದ ಅನುಶ್ರೀಗೆ ಅಡುಗೆಮನೆ ತೋರಿಸುವ ಮೊದಲೇ ಆನೆಯ ಪಾಠ ಹೇಳಿದ್ದ.

"ಆನೆ ಎದುರಾದ್ರೆ ಓಡ್ಬೇಡ. ನಿಂತ್ಕೋ, ಅಲುಗಾಡ್ಬೇಡ. ನಾನ್ ಬಂದು ಕರ್ಕೊಂಡ್ ಹೋಗ್ತೀನಿ."

ಎರಡು ಸಲ ಹಾಗೆಯೇ ಆಯಿತು. ಅವಳು ಕಾಫಿ ಗಿಡಗಳ ಸಾಲಿನಲ್ಲಿ ಕಂಬದಂತೆ ನಿಂತಳು. ಅವನು ಸದ್ದಿಲ್ಲದೆ ಬಂದು ಕೈ ಹಿಡಿದು ಹಿಂದಕ್ಕೆ ಕರೆದೊಯ್ದ. ಗಂಡ ಅಂದರೆ ಇವನಪ್ಪಾ ಎಂದು ಅವಳು ತವರಿಗೆಲ್ಲ ಫೋನ್ ಮಾಡಿ ಹೇಳಿಕೊಂಡಳು.

ಕೊಯ್ಲು ಮುಗಿದ ಮೇಲೆ ಇಬ್ಬರೂ ಅಂಡಮಾನಿಗೆ ಹೋದರು. ಅನುಶ್ರೀಯ ತಮ್ಮ ಮಿಲನ್ ಅಲ್ಲಿ ಪ್ರವಾಸಿ ದೋಣಿಯಲ್ಲಿ ಕೆಲಸಕ್ಕಿದ್ದ. ಸಮುದ್ರಕ್ಕಿಳಿಸುವ ಮೊದಲು ಈಜುಗನ್ನಡಕ, ಉಸಿರಾಡುವ ಕೊಳವೆ, ಲೈಫ್ ಜಾಕೆಟ್ ಎಲ್ಲ ತೊಡಿಸಿ ಅವನು ಮತ್ತೆ ಮತ್ತೆ ಹೇಳಿದ.

"ಬಾವ, ಹಾಯಿಮೀನು ಬೇಟೆಗೆ ಬಂದಿದಾವೆ. ಒಂದೇ ಕಡೆ ನಿಲ್ಬೇಡಿ, ಈಜ್ತಾನೇ ಇರಿ. ನಿಂತ್ರೆ ಸಣ್ಣ ಮೀನೆಲ್ಲ ಬಂದು ನಿಮ್ಮ ಮೈ ಮರೇಲೇ ಅಡಗ್ತವೆ, ಹಿಂದೇನೇ ಅವೂ ನುಗ್ತವೆ. ಅಕ್ಕನ ಪಕ್ಕ ಬಿಡ್ಬೇಡಿ."

"ಆನೆ ನೋಡಿದೋನಿಗೆ ಮೀನು ಯಾವ ಲೆಕ್ಕ ಮಾರಾಯ," ಅಂದ ದೀಕ್ಷಿತ್. ನಾಲಗೆಗೆ ಎಲುಬಿಲ್ಲವಲ್ಲ.

ನೀರಿನೊಳಗೆ ಅವು ಒಮ್ಮೆಲೇ ಬಂದವು. ಆಳುದ್ದದ ಮೈ, ಈಟಿಯಂಥ ಮೂತಿ, ಬೆನ್ನ ಮೇಲೆ ಬಿಚ್ಚಿದ ನೀಲಿ ಹಾಯಿ. ಬೆದರಿದ ಅನುಶ್ರೀಗೆ ತಮ್ಮನ ಮಾತು ಮರೆತು ಗಂಡನ ಮಾತು ನೆನಪಾಯಿತು. ಕೈಕಾಲು ಆಡಿಸುವುದನ್ನು ಬಿಟ್ಟು ನಿಂತುಬಿಟ್ಟಳು. ಸಣ್ಣ ಮೀನಿನ ಹಿಂಡು ಹಿಂಡೇ ಅವಳ ಹೊಟ್ಟೆಯಡಿ, ಕಂಕುಳಡಿ ನುಗ್ಗಿತು. ಹಿಂದೆಯೇ ಆ ಮೂತಿಗಳು ಅವಳ ಪಕ್ಕೆ ಸವರಿಕೊಂಡು ಹಾಯತೊಡಗಿದವು.

ಅವಳು ದೀಕ್ಷಿತನ ಕಡೆ ತಿರುಗಿದಳು. ಗಾಜಿನೊಳಗಿನ ಆ ಕಣ್ಣುಗಳಲ್ಲಿ ಹೆದರಿಕೆಗಿಂತ ಹೆಚ್ಚಾಗಿ ನಂಬಿಕೆಯಿತ್ತು. ಅವನು ಬಂದೇ ಬರುತ್ತಾನೆಂದು ಕಾಯುತ್ತಿದ್ದಳು. ಅವನು ಅದನ್ನು ನೋಡಿದ. ನೋಡಿಯೂ ಎದ್ದೆನೋ ಬಿದ್ದೆನೋ ಎಂದು ದೋಣಿಯ ಕಡೆ ಈಜಿ ಏಣಿ ಹಿಡಿದ.

ನೀರಿಗೆ ಹಾರಿ ಅವಳನ್ನು ಎಳೆದು ತಂದವನು ಮಿಲನ್. ಅವಳ ತೋಳಿನ ಮೇಲೆ ಉದ್ದಕ್ಕೆ ಒಂದು ಗೀರು ಬಿಟ್ಟರೆ ಏನೂ ಆಗಿರಲಿಲ್ಲ. ಅವಳು ಎರಡು ಬೈದಿದ್ದರೂ ದೀಕ್ಷಿತನಿಗೆ ಹಗುರವಾಗುತ್ತಿತ್ತು.

ಊರಿಗೆ ಬಂದ ಮೇಲೆ ತೋಟದ ಆಳುಗಳ ಲೈನ್ ಮನೆಯವರು ಸುತ್ತ ಸೇರಿದಾಗ, "ಮೀನುಗಳ ಮಧ್ಯದಿಂದ ಇವಳ್ನ ನಾನೇ ಎಳ್ಕೊಂಡ್ ಬಂದೆ," ಅಂದುಬಿಟ್ಟ. ಅನುಶ್ರೀ ಬಾಗಿಲಲ್ಲೇ ಇದ್ದಳು. ಕೇಳಿಸಿಕೊಂಡೇ ಚಹಾದ ಲೋಟಗಳನ್ನು ಇಟ್ಟು ಒಳಗೆ ಹೋದಳು. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಇನ್ನೊಂದು ಸಲ ಅಂಥ ಹೊತ್ತು ಬಂದರೆ ಜೀವ ಹೋದರೂ ಬಿಡುವುದಿಲ್ಲ ಎಂದುಕೊಂಡ.

ಆ ಹೊತ್ತು ಬೇಗನೇ ಬಂತು. ಗೋಣಿಕೊಪ್ಪಲಿನ ಬಸ್ಸಿಳಿದು ತೋಟದ ದಾರಿಯಲ್ಲಿ ಬರುವಾಗ ಅನುಶ್ರೀ ಮುಂದಿದ್ದಳು. ತಿರುವಿನಲ್ಲಿ ಒಂಟಿ ಸಲಗ.

"ಅನು, ನಿಂತ್ಕೋ! ನಾನ್ ಬತ್ತೀನಿ," ಎಂದು ಮೆಲ್ಲಗೆ ಕೂಗಿ ದೀಕ್ಷಿತ್ ಹೆಜ್ಜೆ ಮುಂದಿಟ್ಟ. ಈ ಸಲ ನಿಜವಾಗಿಯೂ ಇಟ್ಟ.

ಅವಳು ತಿರುಗಿ ನೋಡಲಿಲ್ಲ. ಚಪ್ಪಲಿ ಬಿಟ್ಟು ಕಾಫಿ ಗಿಡಗಳೊಳಗೆ ನುಗ್ಗಿ ಓಡಿದಳು. ಸಲಗ ಎರಡು ಹೆಜ್ಜೆ ಅವಳತ್ತ ನುಗ್ಗಿತು. ಅದೃಷ್ಟಕ್ಕೆ ಅದು ಅಲ್ಲೇ ನಿಂತು, ಕಿವಿ ಬೀಸಿ, ದಾರಿ ದಾಟಿ ಹೋಯಿತು.

ಅವಳ ಚಪ್ಪಲಿ ಹಿಡಿದು ಅವನು ಮನೆಗೆ ಬಂದಾಗ ಅವಳು ಜಗಲಿಯಲ್ಲಿ ಏದುಸಿರು ಬಿಡುತ್ತ ಕೂತಿದ್ದಳು.

"ಸಾಯ್ತಿದ್ದೆ ಕಣೇ ನೀನು! ನಿಂತ್ಕೋ, ಬತ್ತೀನಿ ಅಂದ್ನಲ್ಲ?"

ಅವಳು ತೋಳಿನ ಗೀರನ್ನು ಸೆರಗಿನಿಂದ ಮುಚ್ಚಿಕೊಂಡಳು.

"ಅಲ್ಲೂ ನಿಂತಿದ್ದೆ, ರೀ."