ಭಾವನ ಬಸ್ಸಿನ ಮುಂದಿನ ಚಕ್ರ

ಡಿಪೋದ ಟೈರ್ ಮೇಸ್ತ್ರಿಗೆ ಮೂಗಿನ ತುದಿಯಲ್ಲೇ ಕೋಪ ಅಂತ ಹೆಸರು. ಒಂದು ಕಾಲದಲ್ಲಿ ಆ ಕೋಪಕ್ಕೂ ಬೆಲೆಯಿತ್ತು ಅನ್ನಿ. ಯಾವ ಬಸ್ಸಿಗೆ ಯಾವ ಟೈರು ಎನ್ನುವುದು ಅವನ ಮರ್ಜಿ, ಹಾಗಾಗಿ ಬೆಳಗಾದರೆ ಡ್ರೈವರುಗಳು ಶೆಡ್ಡಿಗೆ ಬಂದು ಬೆಣ್ಣೆ ಹಚ್ಚುತ್ತಿದ್ದರು. ಅವನು ಟೈರನ್ನು ಸಲಾಕೆಯಿಂದ ತಟ್ಟಿ, ಒಳಗೆ ಕೈಯಾಡಿಸಿ, ಕೆಂಪಗೆ ಕಾದ ಅಚ್ಚಿನಿಂದ ಅದರ ಪಕ್ಕೆಗೆ ನಂಬರು ಸುಡುವಾಗ ಯಾರೂ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಸುಟ್ಟ ರಬ್ಬರಿನ ಆ ಹಾಳು ಹೊಗೆ ಕೂಡ ಈಗ ನೆನೆದರೆ ಮೇಸ್ತ್ರಿಗೆ ಪರಿಮಳವೇ.

ಬೆಣ್ಣೆ ಹಚ್ಚದೆ ಜಗಳಕ್ಕೇ ಬರುತ್ತಿದ್ದವನು ಒಬ್ಬನೇ: ಅವನ ಭಾವ. ಅಕ್ಕನ ಗಂಡ, ಅದೇ ಡಿಪೋದ ಡ್ರೈವರು. ಸವೆದ ಟೈರು ಕಂಡರೆ ಮೇಸ್ತ್ರಿಯ ಬೋಳು ತಲೆ ನೋಡಿ, "ಇದನ್ನ ನೀನೇ ಇಟ್ಕೋ, ಜೋಡಿ ಸರಿಹೋಗುತ್ತೆ" ಎನ್ನುತ್ತಿದ್ದ. "ಅಕ್ಕನ ಮುಖ ನೋಡಿ ಸುಮ್ನಿದೀನಿ ಭಾವ" ಎಂದು ಗೊಣಗುತ್ತಲೇ ಮೇಸ್ತ್ರಿ ಇದ್ದುದರಲ್ಲಿ ಒಳ್ಳೆಯ ಜೋಡಿಯನ್ನು ಭಾವನ ಬಸ್ಸಿನ ಮುಂದಿನ ಚಕ್ರಕ್ಕೆ ಹಾಕುತ್ತಿದ್ದ. ಇಬ್ಬರ ಈ ಕಿತ್ತಾಟವಿಲ್ಲದೆ ಶೆಡ್ಡಿನಲ್ಲಿ ಬೆಳಗೇ ಆಗುತ್ತಿರಲಿಲ್ಲ.

ಆಮೇಲೆ ಟ್ಯಾಗ್ ಬಂತು. ಪ್ರತಿ ಟೈರಿನ ಒಳಗೋಡೆಗೆ ಉಗುರಿನಷ್ಟು ಚಿಪ್. ಕೈಯಲ್ಲಿ ಮೆಷಿನ್ ಹಿಡಿದು ಹತ್ತಿರ ಹೋದರೆ ಸಾಕು, ಟೈರು ತನ್ನ ಜಾತಕವನ್ನೆಲ್ಲ ಹೇಳುತ್ತದೆ: ಎಷ್ಟು ಓಡಿದೆ, ಯಾವಾಗ ಪಂಕ್ಚರಾಯಿತು, ಮುಂದೆ ಯಾವ ಬಸ್ಸಿನ ಯಾವ ಚಕ್ರಕ್ಕೆ. ಹೊರಡುವ ಬಸ್ಸಿನ ಟೈರುಗಳನ್ನು ತಾಳೆ ನೋಡಲು ಗೇಟಿನ ಕಂಬದಲ್ಲೂ ಅಂಥದ್ದೇ ಒಂದು ಮೆಷಿನ್ ಕೂತಿತು. ದಾರಿಯಲ್ಲಿ ಟೈರು ಸಿಡಿಯುವುದು ಕಡಿಮೆಯಾಯಿತು, ಮೇಸ್ತ್ರಿಯೇ ಅದನ್ನು ಒಪ್ಪುತ್ತಾನೆ. ಆದರೆ ಶೆಡ್ಡಿಗೆ ಬರುವ ದರ್ದು ಯಾರಿಗೂ ಉಳಿಯಲಿಲ್ಲ.

ಮೊದಲ ವಾರವೇ ಭಾವ ಒಳ್ಳೆಯ ಜೋಡಿ ಕೇಳಿದ. ಹೊಸ ಮೆಷಿನ್ ಹಿಡಿದ ಗತ್ತಿನಲ್ಲಿ ಮೇಸ್ತ್ರಿ ಎಲ್ಲರೆದುರು ಹೇಳಿಬಿಟ್ಟ: "ಅದೆಲ್ಲ ಈಗ ನಡೆಯಲ್ಲ ಭಾವ. ಎಲ್ಲಾ ಮೆಷಿನ್ ಹೇಳ್ದಂಗೆ."

"ಹಾಗಾದ್ರೆ ನಿನ್ನ ಹತ್ರ ನನಗೇನು ಕೆಲಸ?" ಎಂದು ಭಾವ ಹೊರಟುಹೋದ.

ಎರಡು ವರ್ಷ ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ಮೇಸ್ತ್ರಿ ಅಕ್ಕನ ಮನೆಗೆ ಹೋದರೆ ಭಾವ ಅವನನ್ನು ಬಿಟ್ಟು ಗೋಡೆ ನೋಡುತ್ತಿದ್ದ. ಅಕ್ಕ ಪಾಪ, ಇಬ್ಬರ ನಡುವೆ ಹಣ್ಣಾದಳು.

ಮೊನ್ನೆ ಅಕ್ಕ ಫೋನ್ ಮಾಡಿದಳು. "ನಾಳೆ ಅವರದು ಕೊನೇ ಟ್ರಿಪ್ ಕಣೋ. ರಿಟೈರ್ ಆದ್ಮೇಲೆ ಡಿಪೋ ಮುಖ ನೋಡಲ್ಲ ಅಂತ ಕೂತಿದಾರೆ. ನಾಳೆ ಮಾತಾಡಿಲ್ಲ ಅಂದ್ರೆ ನೀವಿಬ್ರೂ ಇನ್ನು ಈ ಜನ್ಮದಲ್ಲಿ ಮಾತಾಡಲ್ಲ."

ಏನು ಮಾತಾಡುವುದು? ಬಾಯಲ್ಲಿ ಕ್ಷಮೆ ಕೇಳುವ ವಂಶವಲ್ಲ ಅವರದು. ಮರುದಿನ ಬೆಳಿಗ್ಗೆ ಮೇಸ್ತ್ರಿ ಶೆಡ್ಡಿನಲ್ಲಿದ್ದ ಹೊಚ್ಚ ಹೊಸ ಜೋಡಿಯನ್ನು ಉರುಳಿಸಿಕೊಂಡು ಬಂದ. ಅದು ಬೇರೆ ಬಸ್ಸಿಗೆಂದು ಬರೆದಿಟ್ಟದ್ದು. ಮೆಷಿನ್ ಕಡೆ ತಿರುಗಿಯೂ ನೋಡದೆ ಭಾವನ ಬಸ್ಸಿನ ಮುಂದಕ್ಕೆ ಹಾಕಿ ನಟ್ಟು ಬಿಗಿದ. ಕೈಗೆ ಹಳೆಯ ದಿನಗಳೆಲ್ಲ ವಾಪಸ್ಸು ಬಂದ ಹಾಗಾಗಿತ್ತು. ಆ ಖುಷಿಯಲ್ಲಿ ಗೇಟಿನ ಕಂಬ ಅವನಿಗೆ ಮರೆತೇಹೋಯಿತು.

ಭಾವ ಬಂದ, ಅತ್ತಿತ್ತ ನೋಡದೆ ಸೀಟು ಹತ್ತಿದ, ಹೊರಟ. ಗೇಟಿನಲ್ಲಿ ಕೆಂಪು ದೀಪ ಹತ್ತಿ ಮೆಷಿನ್ ಕಿರುಚಿಕೊಂಡಿತು. ಅಡ್ಡಗಂಬ ಮೇಲೇಳಲಿಲ್ಲ. ಹಿಂದಿನ ಬಸ್ಸುಗಳು ಹಾರನ್ ಬಾರಿಸತೊಡಗಿದವು. ಒಂದು ದಿನವೂ ತಡವಾಗಿ ಹೊರಡದ ಮನುಷ್ಯ ಕೊನೆಯ ದಿನ ಇಡೀ ಡಿಪೋದ ಮುಂದೆ ಸಿಕ್ಕಿಬಿದ್ದ. ಮೇಸ್ತ್ರಿ ಗೇಟಿನತ್ತ ಓಡಿದ.

ಭಾವ ಕೆಂಡಾಮಂಡಲವಾಗಿ ಕೆಳಗಿಳಿದ. ಮ್ಯಾನೇಜರು ಪರದೆ ನೋಡಿ, "ಮುಂದಿನ ಎರಡೂ ಟೈರು ಈ ಬಸ್ಸಿನದಲ್ಲ" ಎಂದರು. ಭಾವ ಬಗ್ಗಿದ. ಹೊಸ ರಬ್ಬರಿನ ಮೇಲೆ ಕೂದಲಿನಂಥ ಎಳೆಗಳು ಇನ್ನೂ ಉದುರಿರಲಿಲ್ಲ. ಅವುಗಳ ಮೇಲೆ ಕೈಯಾಡಿಸಿದ.

"ಇದನ್ನ ಹಾಕು ಅಂತ ಮೆಷಿನ್ ಹೇಳ್ತಾ?"

"ಇಲ್ಲ ಭಾವ," ಎಂದ ಮೇಸ್ತ್ರಿ, ಏದುಸಿರಿನಲ್ಲಿ. "ನಾನೇ ಹಾಕಿದ್ದು."

ಭಾವ ತಲೆ ಎತ್ತಿದಾಗ ಕಣ್ಣು ಒದ್ದೆಯಾಗಿತ್ತು. ಮ್ಯಾನೇಜರು ಮೇಸ್ತ್ರಿಗೆ ಮೆಮೋ ಕೊಡುವ ಮಾತಾಡುತ್ತಿದ್ದರು, ಇಬ್ಬರಿಗೂ ಅದು ಕೇಳಿಸಿದ ಹಾಗೆ ಕಾಣಲಿಲ್ಲ.

"ಜಾಕ್ ತಗೊಂಬಾ," ಎಂದು ಭಾವ ತೋಳು ಮಡಿಚಿದ. ಬಸ್ಸನ್ನು ಪಕ್ಕಕ್ಕೆ ತೆಗೆದು, ಇಬ್ಬರೂ ಮಣ್ಣಲ್ಲಿ ಮಂಡಿಯೂರಿ ಹಳೆಯ ಟೈರುಗಳನ್ನು ಮತ್ತೆ ಹಾಕಿದರು. ಬೇಗ ಮುಗಿಸುವ ಅವಸರ ಇಬ್ಬರಿಗೂ ಇರಲಿಲ್ಲ.

ಕೊನೆಗೆ ಗೇಟಿನ ಗುಮಾಸ್ತ ಪೆನ್ನು ಹಿಡಿದು ಬಂದ. "ತಡ ಆಗಿದ್ದಕ್ಕೆ ಕಾರಣ ಏನಂತ ಬರೀಲಿ? ಟೈರ್ ಸೆಕ್ಷನ್ ತಪ್ಪು ಅನ್ಲಾ?"

ಭಾವ ಸೀಟಿನಲ್ಲಿ ಕೂತು ಕೈ ಒರೆಸಿಕೊಂಡ.

"ಮನೆ ವಿಷಯ ಅಂತ ಬರ್ಕೊಳ್ಳಿ," ಎಂದ. "ಭಾಮೈದನ ಹತ್ರ ಮಾತಾಡೋದಿತ್ತು."