ಬಿಗಿತಲೆಯ ಬ್ರಷ್ಷು

ಶಿವರಾಜನಿಗೆ ಕಿಟಕಿ ತೊಳೆಯಲು ಬರುವುದಿಲ್ಲ, ತೊಳೆಸಲು ಮಾತ್ರ ಬರುತ್ತದೆ. ರಾಯಚೂರು, ದೇವದುರ್ಗ, ಮಾನ್ವಿ, ಮೂರೂ ಕಡೆ ಶೋರೂಮು ಇಟ್ಟಿರುವ ಬಟ್ಟೆ ವ್ಯಾಪಾರಿಯೊಬ್ಬರ ಗಾಜು ತೊಳೆಯುವ ಗುತ್ತಿಗೆ ಅವನದು. ಮೂರು ಮಹಡಿಯ ಕಟ್ಟಡಗಳು, ಮುಂದಿನ ಗೋಡೆ ಪೂರ್ತಿ ಗಾಜು. ಕೆಳಗೆ ನಿಂತು ಉದ್ದನೆಯ ಕೋಲು ಎತ್ತಿ ಹಿಡಿಯಬೇಕು. ತುದಿಯ ಬ್ರಷ್ಷಿನಿಂದ ನೀರು ಚಿಮ್ಮುತ್ತದೆ, ಉಜ್ಜುತ್ತ ಹೋಗಬೇಕು. ನಾಲ್ಕು ವರ್ಷ ಹಾಗೆ ಉಜ್ಜಿದವರು ಇಬ್ಬರು. ಒಬ್ಬಳು ಹನುಮಂತಮ್ಮ, ಇನ್ನೊಬ್ಬಳು ಪಕೀರಮ್ಮನೆಂಬ ನಾನು. ದೇವದುರ್ಗದಲ್ಲಿ ಇಬ್ಬರದೂ ಒಂದೇ ಓಣಿ.

ನಮ್ಮ ಹಳೆಯ ಬ್ರಷ್ಷುಗಳೆಲ್ಲ ತಿರುಗುತಲೆಯವು. ಕುತ್ತಿಗೆಯಲ್ಲಿ ಒಂದು ಕೀಲು. ಕೋಲನ್ನು ಸೊಂಟದ ಮಟ್ಟಕ್ಕೆ ಹಿಡಿದು ಪಕ್ಕಕ್ಕೆ ನಿಂತರೂ ಬ್ರಷ್ಷು ತಾನೇ ವಾಲಿ ಗಾಜಿಗೆ ಕೂರುತ್ತದೆ. ನಮ್ಮ ಕಡೆಯ ಧೂಳು ಆ ಕೀಲುಗಳನ್ನು ತಿಂದು ಹಾಕಿತ್ತು. ಹೊಸದು ತರಲೇಬೇಕಾದಾಗ ಶಿವರಾಜ ಹೈದರಾಬಾದಿನಿಂದ ಎರಡು ನಮೂನೆ ತರಿಸಿದ. ಒಂದು ತಿರುಗುತಲೆ, ಇನ್ನೊಂದು ಬಿಗಿತಲೆ. ಬಿಗಿತಲೆಗೆ ಕೀಲೂ ಇಲ್ಲ, ಗೀಲೂ ಇಲ್ಲ. ಹಿಡಿದವಳು ಗಾಜಿನ ಎದುರು ನೆಟ್ಟಗೆ ನಿಂತು, ಎರಡೂ ಕೈ ತಲೆಯ ಮೇಲೆತ್ತಿ ಒತ್ತಬೇಕು.

ಹನುಮಂತಮ್ಮನ ಬಲಗೈ ಕಿವಿಯಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಹಿಂದಿನ ಆಷಾಢದ ಗಾಳಿಗೆ ರಾಯಚೂರಿನಲ್ಲಿ ಕೋಲು ವಾಲಿ, ಅದನ್ನು ಬೀಳಗೊಡದೆ ಹಿಡಿಯಲು ಹೋಗಿ ಭುಜ ಉಳುಕಿತ್ತು. ತಿರುಗುತಲೆ ಇದ್ದುದರಿಂದ ಕೆಲಸ ಸಾಗಿತ್ತು. ಭುಜದ ವಿಷಯ ಗೊತ್ತಿದ್ದದ್ದು ನನಗೊಬ್ಬಳಿಗೇ. ಹನುಮಂತಮ್ಮ ಗಂಡ ಸತ್ತವಳು. ಈ ಕೆಲಸ ಹೋದರೆ ಅವಳಿಗಿದ್ದದ್ದು ಹತ್ತಿ ಬಿಡಿಸುವ ಕೂಲಿ ಒಂದೇ, ಅದೂ ಒಂದು ಕೈಯಲ್ಲಿ.

ಪರೀಕ್ಷೆ ನಡೆದದ್ದು ಮಾನ್ವಿಯಲ್ಲಿ. ಅಲ್ಲಿಯ ಶೋರೂಮಿನ ಬೆನ್ನಿಗೆ ಅಕ್ಕಿ ಗಿರಣಿ. ತೌಡಿನ ಧೂಳು ಎಣ್ಣೆಯ ಜಿಡ್ಡಿನಂತೆ ಗಾಜಿಗೆ ಹತ್ತಿರುತ್ತದೆ. ಶಿವರಾಜ ನಮಗೆ ತಲಾ ಎರಡು ಸಾಲು ಕಿಟಕಿ ತೋರಿಸಿದ.

"ಒಂದು ಸಾಲು ತಿರುಗೋದರಾಗ ತೊಳೀರಿ, ಇನ್ನೊಂದು ಬಿಗಿದರಾಗ. ಇಬ್ಬರೂ ಎರಡೂ ಹಿಡೀಬೇಕು. ಹನ್ನೊಂದಕ್ಕ ಬಂದು ಗಾಜು ನೋಡ್ತೀನಿ. ಯಾವುದು ಚಲೋ ಅದ, ಮೂರೂ ಕಡೆಗೆ ಆರು ಬ್ರಷ್ಷೂ ಅದನ್ನ ತರಸ್ತೀನಿ" ಎಂದು ಹೇಳಿ ಗಿರಣಿಯ ಸಾಹುಕಾರರ ಜೊತೆ ಚಹಾ ಕುಡಿಯಲು ಹೋದ.

ತಿರುಗುತಲೆಯ ಸಾಲನ್ನು ಹನುಮಂತಮ್ಮ ನಿಧಾನವಾಗಿ, ಎರಡೆರಡು ಸಲ ಉಜ್ಜಿ ಮುಗಿಸಿದಳು. ಜಿಡ್ಡಿನ ಮೇಲೆ ಒತ್ತಿದರೆ ಕೀಲು ಬಾಗುತ್ತಿತ್ತು, ಆದರೂ ಗಾಜು ತಕ್ಕಮಟ್ಟಿಗೆ ತಿಳಿಯಾಯಿತು. ಆಮೇಲೆ ಬಿಗಿತಲೆ ಎತ್ತಿದಳು. ಎದೆಯ ಮಟ್ಟಕ್ಕೆ ಬಂದು ನಿಂತಿತು. ಹಲ್ಲು ಕಚ್ಚಿ ಮತ್ತೆ ಎತ್ತಿದಳು, ಮತ್ತೆ ಅಲ್ಲಿಗೇ ನಿಂತಿತು. ಕೋಲನ್ನು ಗೋಡೆಗೆ ಆನಿಸಿಬಿಟ್ಟಳು.

"ಪಕೀರವ್ವಾ, ಇದು ನನ್ನ ಕೈಲಿ ಆಗಂಗಿಲ್ಲ. ಈ ಸಾಲು ಹಂಗ ಬಿಡ್ತೀನಿ. ಅಂವ ಬಂದ ಮ್ಯಾಲ ಖರೇ ಹೇಳಿ, ತಿರುಗೋದೇ ತರಸ್ರೀ ಅಂತ ಕೇಳ್ತೀನಿ."

ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿಲ್ಲ. "ಹುಚ್ಚಿ ಅದೀ ಏನಬೇ? ನೀ ಕೇಳಿದ್ರ ಅಂವ ಬ್ರಷ್ ಬದಲ್ಸಂಗಿಲ್ಲ, ನಿನ್ನ ಬದಲಸ್ತಾನ. ಸರಿ ಅತ್ತ."

"ಬ್ಯಾಡ ಬಿಡಬೇ."

"ಸರಿ ಅಂದ್ರ ಸರಿ. ಮುಯ್ಯಿ ಅಂತ ತಿಳ್ಕೋ."

ನಮ್ಮ ಕಡೆ ಕಳೆ ತೆಗೆಯುವ ಕಾಲಕ್ಕೆ ಮುಯ್ಯಿ ಹೋಗುತ್ತಾರೆ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ನಾವಿಬ್ಬರೂ ಅದನ್ನು ಕಿಟಕಿಗೂ ತಂದಿದ್ದೆವು. ಗರ್ಭಕೋಶದ ಆಪರೇಷನ್ ಆಗಿ ನಾನು ಕೆಲಸಕ್ಕೆ ಮರಳಿದಾಗ ಹದಿನೈದು ದಿನ ನನ್ನ ಪಾಲಿನ ಮೇಲಿನ ಕಿಟಕಿಗಳನ್ನೆಲ್ಲ ಅವಳೇ ತೊಳೆದಿದ್ದಳು, ಶಿವರಾಜನಿಗೆ ತಿಳಿಯದಂತೆ. ಅದು ನನ್ನ ಮನಸ್ಸಿನಲ್ಲಿತ್ತು. ಅವಳ ಆ ಸಾಲನ್ನು ನನ್ನ ಸಾಲಿಗಿಂತ ಹೆಚ್ಚು ಮುತುವರ್ಜಿಯಿಂದ ಉಜ್ಜಿದೆ. ಯಾರೂ ಬೊಟ್ಟು ಮಾಡಬಾರದೆಂದು ಮೂಲೆಮೂಲೆಯ ತೌಡೂ ತೆಗೆದೆ.

ಹನ್ನೊಂದಕ್ಕೆ ಶಿವರಾಜ ಬಂದ. ನನ್ನ ಸಾಲುಗಳ ಮೇಲೆ ಕಣ್ಣಾಡಿಸಿ ಬಿಟ್ಟ. ಹನುಮಂತಮ್ಮನ ಬಿಗಿತಲೆಯ ಸಾಲಿನ ಮುಂದೆ ನಿಂತೇ ನಿಂತ.

"ಭಲೇ! ಇದು ನೋಡು, ಕನ್ನಡಿ ಆಗ್ಯದ. ತಿರುಗೋದರಾಗ ತೊಳೆದಿದ್ದು ಇದರ ಮುಂದ ಮಂಕು ಕಾಣಾಕತ್ತೇದ. ಏನಂತೀರಿ? ಹಿಡಿಯೋರು ನೀವು. ನಿಮಗ ಅನುಕೂಲ ಯಾವುದು ಅದ, ಅದನ್ನ ತರೂಣು."

ನಾನು ಹೆದರಿದ್ದ ಮನುಷ್ಯ ಹೀಗೆ ಕೇಳುತ್ತಾನೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಹನುಮಂತಮ್ಮ ನನ್ನ ಮುಖ ನೋಡಿದಳು. ಅವಳು ಈಗ ಬಾಯಿ ಬಿಟ್ಟರೆ ಕನ್ನಡಿ ಮಾಡಿದ್ದು ಯಾರೆಂಬುದೂ ಹೊರಬರುತ್ತಿತ್ತು, ನಾನು ಕಳ್ಳಿಯಾಗುತ್ತಿದ್ದೆ. ಅದಕ್ಕೇ ಅವಳು ಸುಮ್ಮನಿದ್ದಳು. ಹೇಳಬೇಕಾದವಳು ನಾನು. ನಾನು ಹೇಳಿದ್ದೇನು ಗೊತ್ತೆ? "ಎರಡೂ ಚಲೋ ಅದಾವ್ರಿ."

ಎಂಟು ದಿನಕ್ಕೆ ಆರು ಬಿಗಿತಲೆ ಬಂದವು. ದೇವದುರ್ಗದ ಶೋರೂಮಿನಲ್ಲಿ ಕಿಟಕಿಯ ಮೇಲೆ ಚಾಚಿದ ಆಳವಾದ ಸಜ್ಜಾದೊಳಗೆ, ತಲೆ ಬಾಗದ ಅವು ಹೋಗುವುದೇ ಇಲ್ಲ. ಅಲ್ಲಿ ಒಳಗಿನಿಂದ ಅರಿವೆಯಲ್ಲಿ ಒರೆಸಿಕೊಳ್ಳಿ ಎಂದ ಮಹಾರಾಯ. ಹಳೆಯ ಬ್ರಷ್ಷುಗಳನ್ನು ಗುಜರಿಗೆ ಹಾಕಿಸಿದ.

ಮರುದಿನ ಮಾನ್ವಿ. ಹನುಮಂತಮ್ಮ ಕೋಲು ಎತ್ತಿದಳು, ಅದು ಎದೆಯ ಮಟ್ಟಕ್ಕೇ ನಿಂತಿತು. ಶಿವರಾಜ ಮೊದಲು ನಕ್ಕ, ಆಮೇಲೆ ನಗಲಿಲ್ಲ.

"ಅವತ್ತು ಇದೇ ಬ್ರಷ್ಷಿನಾಗ ಕನ್ನಡಿ ಮಾಡಿದಾಕಿ ನೀನ ಅಲ್ಲೇನು? ಇವತ್ತೇನು ನಾಟಕ ಹಚ್ಚೀದಿ?"

"ಕೈ ಬರವಲ್ದುರೀ."

"ಎಂಟು ದಿನದಾಗ ಕೈ ಹೋತೇನು? ಮೈಗಳ್ಳತನ ನನ್ನ ಹತ್ತಿರ ನಡಿಯಂಗಿಲ್ಲ. ಆಗದಿದ್ರ ಮನಿ ಹಿಡಿ."

ನಾನು ನಾಲ್ಕು ಮಾರು ದೂರದಲ್ಲಿ ನಿಂತಿದ್ದೆ. ಒಂದು ಮಾತು ಸಾಕಿತ್ತು. ಊರಿಗೆಲ್ಲ ಬೈಯುವ ನನ್ನ ಬಾಯಿಗೆ ಆ ಒಂದು ಮಾತು ಬರಲಿಲ್ಲ. ಹೇಳಿದರೆ ಇಬ್ಬರನ್ನೂ ಓಡಿಸುತ್ತಾನೆಂಬ ಭಯ. ಅವಳು ಕೋಲನ್ನು ಮೆಲ್ಲಗೆ ಕೆಳಗಿಟ್ಟಳು. ಪೈಪಿನ ನೀರು ಸುರುವಿ ಸುತ್ತಿಟ್ಟಳು. ಹನ್ನೆರಡರ ಬಸ್ಸಿಗೆ ಹೋದಳು. ಇಷ್ಟು ವರ್ಷ ದುಡಿದವಳು ಮೈಗಳ್ಳಿ ಅನಿಸಿಕೊಂಡು ಹೋದಳು.

ಹದಿನೈದು ದಿನ ಅವಳ ಮನೆಯ ಮುಂದೆ ಹಾಯಲಿಲ್ಲ, ಸುತ್ತು ಹಾಕಿ ಓಡಾಡಿದೆ. ಕೊನೆಗೆ ಒಂದು ಸಂಜೆ ಹೋದೆ. ಹತ್ತಿ ಬಿಡಿಸಿ ಆಗಷ್ಟೇ ಬಂದು ಕಟ್ಟೆಗೆ ಕೂತು ಎಡಗೈಯ ಬೆರಳಿನ ಗೀರುಗಳಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು.

"ನಾಳೆ ಅಂವಗ ಎಲ್ಲಾ ಹೇಳಿಬಿಡ್ತೀನಿ" ಎಂದೆ.

"ಆರೂ ಬ್ರಷ್ ಬಂದಾವ. ಈಗ ಹೇಳಿ ನೀನೂ ಹೊಲಕ್ಕ ಬರ್ತಿ, ಅಷ್ಟ."

"ಬೈಯಬೇ ನನಗ. ನಾಲ್ಕು ಬೈದು ಹಗುರಾಗು."

ಅವಳು ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

"ಹ್ಯಾಂಗ ಬೈಲಿ? ನನ್ನ ಸಲುವಾಗೇ ಮಾಡೀದಿ. ವೈರಿ ಮಾಡಿದ್ರ ಓಣಿಗೆ ಕೇಳಂಗ ಬೈತಿದ್ದೆ."